ಪ್ಯಾಟ್ರಿಕ್ ರಾಯರ ಒಡಪು

ಕೂಕಟ್‌ಪಲ್ಲಿಯ ಒಂದು ಬಾಡಿಗೆ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ, ಪ್ರಾಣೇಶ ಮತ್ತು ಮಂದಾರ ಎಂಬ ಗಂಡ ಹೆಂಡತಿ ಇದ್ದರು ಅಂದರೆ ಅರ್ಧ ಸುಳ್ಳಾಗುತ್ತದೆ. ಅವನಿದ್ದಾಗ ಅವಳಿರುತ್ತಿರಲಿಲ್ಲ, ಅವಳಿದ್ದಾಗ ಅವನಿರುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅವಳು ಬುತ್ತಿಡಬ್ಬಿ ಹಿಡಿದು ಮೆಟ್ಟಿಲು ಇಳಿಯುವಳು, ಅದೇ ಹೊತ್ತಿಗೆ ಅವನು ಕೆಂಪು ಕಣ್ಣು ಹೊತ್ತು ಮೆಟ್ಟಿಲು ಹತ್ತುವನು. ನಡುವಿನ ತಿರುವಿನಲ್ಲಿ ಮನೆಯ ಕೀಲಿಕೈ ಅವಳ ಕೈಯಿಂದ ಅವನ ಕೈಗೆ ದಾಟುವುದು. ಹಾಲು ಒಲೆಯ ಮೇಲಿದೆ, ಗ್ಯಾಸಿನವನು ಬರುತ್ತಾನೆ, ಇಷ್ಟೇ ಮಾತು. ಸಂಜೆ ಅವಳು ಬರುವಷ್ಟರಲ್ಲಿ ಅವನು ಕೀಲಿಕೈ ಕೆಳಮನೆಯಲ್ಲಿ ಕೊಟ್ಟು ಕೆಲಸಕ್ಕೆ ಹೋಗಿರುತ್ತಿದ್ದ. ಮದುವೆಯಾಗಿ ಹದಿನಾಲ್ಕು ತಿಂಗಳು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ, ಅಂಥ ಜೋಡಿಯಾದರೂ ಒಂದೇ ನೊಗದಲ್ಲಿ ಇರುತ್ತದೆ. ಇವರಿಗೆ ಆ ಭಾಗ್ಯವೂ ಇರಲಿಲ್ಲ.

ಅದು ಊರಂಚಿನ ಮಾಧಾಪುರದ ಹೆಬ್ಬಂಡೆಗಳನ್ನು ಸಿಡಿಸಿ ಗಾಜಿನ ಮಹಲು ಎಬ್ಬಿಸುತ್ತಿದ್ದ ಕಾಲ. ನಾಲ್ಕಕ್ಷರ ಇಂಗ್ಲಿಷ್ ಬಂದವನನ್ನು ಕೆಲಸವೇ ಹುಡುಕಿಕೊಂಡು ಬರುತ್ತಿತ್ತು, ಆದರೆ ರಾತ್ರಿ ಬರುತ್ತಿತ್ತು. ಪ್ರಾಣೇಶನ ತಂದೆ ಜಯತೀರ್ಥರಾಯರು ಲಿಂಗಸುಗೂರು ಕಡೆಯವರು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು, ಅದೇ ಊರಿನ ತಾರ್ನಾಕದಲ್ಲಿ ಮನೆ ಮಾಡಿ, ಮಗನನ್ನು ಓದಿಸಿದ್ದರು. ಮಗ ಅಮೆರಿಕದ ಜನರ ಕಂಪ್ಯೂಟರು ಕೆಟ್ಟರೆ ಫೋನಿನಲ್ಲೇ ರಿಪೇರಿ ಹೇಳಿಕೊಡುವ ಕಂಪನಿ ಸೇರಿದ. ಅಲ್ಲಿ ಮೊದಲ ವಾರವೇ ಹೆಸರಿನ ತಕರಾರು ಬಂತು. ಆ ಕಡೆಯವರ ನಾಲಿಗೆಯಲ್ಲಿ ಪ್ರಾಣೇಶ ಹೋಗಿ 'ಪ್ರಾನ್ಸ್' ಆಯಿತು, ಅಂದರೆ ಸೀಗಡಿ. ಏಕಾದಶಿ ಮಾಡುವ ವೈಷ್ಣವರ ಮನೆಯ ಹುಡುಗ ಸೀಗಡಿ ಆಗುವುದಕ್ಕಿಂತ ಬೇರೇನಾದರೂ ಆಗಲಿ ಅಂತ ಮೇಲಿನವರು ಪ್ಯಾಟ್ರಿಕ್ ಎಂದು ಹೆಸರಿಟ್ಟರು. ಸಂಜೆ ಏಳಾದರೆ ಪ್ರಾಣೇಶ ಸತ್ತು ಪ್ಯಾಟ್ರಿಕ್ ಹುಟ್ಟುತ್ತಿದ್ದ.

ಆ ಪ್ಯಾಟ್ರಿಕ್ಕೇ ಮನೆಗೂ ಬರತೊಡಗಿದ್ದು ಸಂಕಟಕ್ಕೆ ಮೂಲ. ಕಿವಿಗೆ ಫೋನು ಕಟ್ಟಿಕೊಂಡು ದುಡಿಯುವವನ ಕಿವಿ ನಿದ್ದೆಯಲ್ಲೂ ಮುಚ್ಚುವುದಿಲ್ಲ. ಕಿವಿ ಕೇಳುತ್ತದೆ, ಬಾಯಿ ಉತ್ತರ ಕೊಡುತ್ತದೆ, ಬುದ್ಧಿ ಮಾತ್ರ ಗೊರಕೆ ಹೊಡೆಯುತ್ತಿರುತ್ತದೆ. ಮಂದಾರ ಬೇಗಂಪೇಟೆಯ ಒಂದು ವಿಮಾ ಕಚೇರಿಯಲ್ಲಿದ್ದಳು. ಅವಳಿಗೆ ಸಹಾಯಕ ಮ್ಯಾನೇಜರಾಗಿ ಬಡ್ತಿ ಬಂತು, ಜೊತೆಗೆ ವಿಜಯವಾಡಕ್ಕೆ ವರ್ಗ. ಒಪ್ಪಿಗೆಯೋ ಇಲ್ಲವೋ ಸೋಮವಾರದೊಳಗೆ ಬರೆದು ಕೊಡಬೇಕು. ಅವಳು ಆ ದಿನ ಮಧ್ಯಾಹ್ನವೇ ರಜೆ ಹಾಕಿ ಬಂದು, ಮಲಗಿದ್ದ ಗಂಡನ ಭುಜ ಹಿಡಿದು ಅಲುಗಿಸಿ, ಎಲ್ಲವನ್ನೂ ಹೇಳಿ, ಹೋಗಲೋ ಬೇಡವೋ ಅಂತ ಕೇಳಿದಳು. ಅವನು ಕಣ್ಣು ಬಿಡದೆ, ಬೆಣ್ಣೆಯಂಥ ದನಿಯಲ್ಲಿ, "ಥ್ಯಾಂಕ್ ಯೂ, ಮ್ಯಾಮ್. ಎನಿಥಿಂಗ್ ಎಲ್ಸ್?" ಅಂದ.

ಅವಳು ಎದ್ದು ಮತ್ತೆ ಕಚೇರಿಗೇ ಹೋದಳು. ಅವಳು ಏನು ಕೇಳಿದಳು, ತಾನು ಏನಂದೆ ಎಂದು ಅವನಿಗೆ ಗೊತ್ತಾದದ್ದು ಸಂಜೆ, ಅನ್ನದ ಪಾತ್ರೆಯ ಕೆಳಗೆ ಅವಳು ಬರೆದಿಟ್ಟ ಚೀಟಿಯಿಂದ. ಆಮೇಲೆ ನಾಲ್ಕು ದಿನ ಮೆಟ್ಟಿಲ ಮೇಲಿನ ಮಾತೂ ನಿಂತಿತು. ಅವಳು ಹೊರಟೇ ಬಿಡುತ್ತಾಳೆ ಅಂತ ಅವನು ಹಗಲ ನಿದ್ದೆಯನ್ನೂ ಬಿಟ್ಟ. ಬೇಡ ಅನ್ನಲು ಯಾವ ಮುಖ? ಬಡ್ತಿಗಾಗಿ ಅವಳು ಎರಡು ಪರೀಕ್ಷೆ ಕಟ್ಟಿದ್ದಳು. ಹೋಗು ಅನ್ನಲು ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಕಲಬುರಗಿಯಿಂದ ಪ್ರಾಣೇಶನ ಅಕ್ಕ ಸುಹಾಸಿನಿಯ ಕರೆ ಬಂತು. ಭಾನುವಾರ ಅವಳ ಮಗನ ಜವಳ. ಸೋದರಮಾವನ ತೊಡೆಯ ಮೇಲೆ ಕೂರಿಸದೆ ಕೂಸಿನ ತಲೆಗೆ ಕತ್ತರಿ ತಾಗಿಸುವಂತಿಲ್ಲ, ಸೋದರಮಾವ ಒಂಟಿಯಾಗಿ ಬಂದರೆ ಬಂಧುಗಳ ಬಾಯಿಗೆ ಬೀಗ ಹಾಕುವವರಿಲ್ಲ. ಹೀಗೆ ಒಂದೂವರೆ ವರ್ಷದ ಒಂದು ಕೂಸಿನ ಕೂದಲು ಇಬ್ಬರನ್ನೂ ಶನಿವಾರ ಬೆಳಗಿನ ಒಂದೇ ಗಾಡಿ ಹತ್ತಿಸಿತು.

ಅವನು ರಾತ್ರಿಪಾಳಿ ಮುಗಿಸಿ ಸೀದಾ ಬೇಗಂಪೇಟೆ ಸ್ಟೇಷನ್ನಿಗೆ ಬಂದ. ಗಾಡಿಯಲ್ಲಿ ಎಲ್ಲವನ್ನೂ ಮಾತಾಡಿ ಮುಗಿಸಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದ. ಲಿಂಗಂಪಲ್ಲಿ ದಾಟುವುದರೊಳಗೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದ.

ಎದುರು ಸೀಟಿನಲ್ಲಿ ಚಿತ್ತಾಪುರದ ಶರಣಬಸಮ್ಮ ಮತ್ತು ಅವಳ ನಾದಿನಿ ಶಿವದೇವಿ ಕೂತಿದ್ದರು. ಶರಣಬಸಮ್ಮ ಅಂದರೆ ಒಂದೂವರೆ ಸೀಟಿನ ಹೆಂಗಸು, ಹಣೆಯ ತುಂಬ ವಿಭೂತಿ, ಊರ ಸುದ್ದಿ ತಿಳಿಯದೆ ನೀರು ಇಳಿಯದ ಗಂಟಲು. ಅವಳು ಬಹಳ ಹೊತ್ತು ನೋಡಿ ಮಂದಾರಳನ್ನು ಕೇಳಿದಳು.

"ಯವ್ವಾ, ಈ ಪುಣ್ಯಾತ್ಮ ನಿನ್ನ ಕೂಡ ಬಂದಾನೇನು, ಯಾರರ ಮರತು ಬಿಟ್ಟು ಹೋಗ್ಯಾರೇನು?"

"ಇವರು ನಮ್ಮ ಮನ್ಯಾಗ ಹಗಲ ಮಲಗೋರು ರೀ," ಅಂದಳು ಮಂದಾರ.

"ಮತ್ತ ರಾತ್ರಿ?"

"ರಾತ್ರಿ ಅಮೆರಿಕಾದಾಗ ಇರತಾರ."

ಪ್ರಾಣೇಶನ ಕಿವಿ ಇದನ್ನೆಲ್ಲ ಕೇಳುತ್ತಿತ್ತು. ರೆಪ್ಪೆ ಮಾತ್ರ ಕಲ್ಲಿನ ಕದದ ಹಾಗೆ ಕೂತಿತ್ತು.

ಗಂಡನೆಂದು ತಿಳಿದದ್ದೇ ಶರಣಬಸಮ್ಮ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬಟ್ಟೆಯಲ್ಲಿ ಸುತ್ತಿದ ಎಳ್ಳು ಹೋಳಿಗೆ. ಹೋಳಿಗೆಯನ್ನು ಮುಂದೆ ಚಾಚಿ, ಮಂದಾರಳ ಕೈ ಹತ್ತಿರ ಬಂದಾಗ ಹಿಂದಕ್ಕೆ ಎಳೆದುಕೊಂಡಳು. ಹೊಸ ಸೊಸೆಗೆ ಸುಮ್ಮನೆ ಸಿಹಿ ಕೊಡುವ ಪದ್ಧತಿ ತಮ್ಮ ಕಡೆ ಇಲ್ಲ, ಒಡಪು ಹಾಕಿ ಗಂಡನ ಹೆಸರು ಹೇಳಬೇಕು ಅಂದಳು. ಮದುವೆಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಮದುಮಕ್ಕಳಿಂದ ಹೆಸರು ಹೇಳಿಸುತ್ತಾರಲ್ಲ, ಪ್ರಾಸದ ಪದ ಕಟ್ಟಿ, ಅದೇ ಒಡಪು. ಕಲಿತ ಹುಡುಗಿ, ಕಚೇರಿಯ ಹುಡುಗಿ, ತಡವರಿಸುತ್ತಾಳೆ ಅಂತ ಇಬ್ಬರು ಹೆಂಗಸರೂ ಬಾಯಿಗೆ ಸೆರಗು ಹಿಡಿದು ಕಾದರು. ಮಂದಾರ ಒಂದು ಗಳಿಗೆ ಹೊರಗೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ರೈಲಿನ ಡಬ್ಬಿಗೆಲ್ಲ ಕೇಳುವ ಹಾಗೆ ಹಾಕಿದಳು.

"ಊರೆಲ್ಲ ಎದ್ದಾಗ ಹಾಸಿಗಿ ಹಿಡದಾರ,
ಊರೆಲ್ಲ ಮಲಗಿದ್ರ ಎದ್ದು ಓಡ್ಯಾರ,
ಹೆಸರಿಟ್ಟು ಕರದಾರ ಅಮೆರಿಕದವರ,
ಪ್ಯಾಟ್ರಿಕ್ ರಾಯರು ನನ್ನ ಮನಿಯವರ."

ಪ್ಯಾಟ್ರಿಕ್ ಎಂಬ ಮೂರಕ್ಷರ ಕಿವಿಗೆ ಬಿದ್ದದ್ದೇ ತಡ, ಪ್ರಾಣೇಶ ಬಾಣದ ಹಾಗೆ ನೆಟ್ಟಗೆ ಕೂತ. ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಇಂಗ್ಲಿಷಿನಲ್ಲಿ, ಮೂಗಿನಿಂದ, ಫೋನು ಮಾಡಿದ್ದಕ್ಕೆ ವಂದನೆ ಹೇಳಿ, ತಾನು ಪ್ಯಾಟ್ರಿಕ್ ಎಂದು ತಿಳಿಸಿ, ತಮ್ಮ ಕಂಪ್ಯೂಟರಿನ ಹಿಂಬದಿಯ ತಂತಿ ಗೋಡೆಗೆ ಸಿಕ್ಕಿಸಿದೆಯೇ ದಯವಿಟ್ಟು ನೋಡಿ ಅಂತ ಶರಣಬಸಮ್ಮನನ್ನು ಕೇಳಿದ.

ಪಕ್ಕದ ಸಾಲಿನ ಮುದುಕನೊಬ್ಬ ತೆಲುಗಿನಲ್ಲಿ "ಏಮೈಂದಿ?", ಏನಾಯಿತು ಅಂತ ಗಾಬರಿಯಾದ. ಶಿವದೇವಿ ಹುಡುಗನಿಗೆ ಗಾಳಿ ಸೋಕಿದೆಯೇನೋ, ಊದುಬತ್ತಿ ಇದೆಯೇ ಅಂದಳು. ಮಂದಾರ ತಡೆಯಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗೆಯಿಂದ ಪ್ರಾಣೇಶನಿಗೆ ಪೂರ್ತಿ ಎಚ್ಚರವಾಯಿತು. ನಗುವಾಗ ಅವಳ ಮೂಗಿನ ತುದಿ ಕೆಂಪಾಗುತ್ತದೆ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಶರಣಬಸಮ್ಮ ಬಿಡುವವಳಲ್ಲ. ಕ್ರೈಸ್ತರ ಹೆಸರು, ಕೊರಳಲ್ಲಿ ನೋಡಿದರೆ ಜನಿವಾರ, ಇದು ಯಾವ ಸೀಮೆಯ ಲೆಕ್ಕ ಅಂತ ಕೇಳಿದಳು. ಪ್ರಾಣೇಶ ತಲೆ ಕೆರೆಯುತ್ತ ಸೀಗಡಿಯ ಕಥೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ರಂಗೇರಿತು. ಆ ಕಡೆಯವರ ದನಿಗಳನ್ನೆಲ್ಲ ಆಡಿ ತೋರಿಸಿದ. ಕಂಪ್ಯೂಟರು ಬಿಸಿಯಾಗುತ್ತದೆ ಅಂತ ಅದನ್ನು ತಂಗಳುಪೆಟ್ಟಿಗೆಯಲ್ಲಿ ಇಟ್ಟವನೊಬ್ಬ. ಪ್ರತಿ ಶುಕ್ರವಾರ ಏನೂ ಕೆಡದಿದ್ದರೂ ಫೋನು ಮಾಡುವ ಡೊರೊತಿ ಎಂಬ ಮುದುಕಿ. ಅವಳ ಗಂಡ ಮನೆಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಪ್ಯಾಟ್ರಿಕ್ ಅವಳ ಗೋಳನ್ನು ಅರ್ಧ ತಾಸು ಕೇಳಿ, ಬೆಳಿಗ್ಗೆ ಎದುರುಬದುರು ಕೂತು ಚಹಾ ಕುಡಿಯಿರಿ, ಮಾತು ತಾನಾಗಿ ಬರುತ್ತದೆ ಅಂತ ಬುದ್ಧಿ ಹೇಳಿದ್ದನಂತೆ. ಹೆಂಗಸರು ನಕ್ಕರು. ತೆಲುಗಿನ ಮುದುಕನೂ ಅರ್ಧಂಬರ್ಧ ತಿಳಿದು ನಕ್ಕ.

ಮಂದಾರ ನಗಲಿಲ್ಲ. ಇಂಥ ಮಾತುಗಾರನನ್ನು ನೋಡಿಯೇ ಅವಳು ಒಪ್ಪಿದ್ದು. ಹೆಣ್ಣು ನೋಡಲು ಬಂದ ದಿನ ತಾರ್ನಾಕದ ಸಿಟಿ ಬಸ್ಸಿನ ಕಂಡಕ್ಟರನ ಹಾಗೆ ಕೂಗಿ ಮನೆಮಂದಿಯನ್ನೆಲ್ಲ ನಗಿಸಿದ್ದ.

"ಡೊರೊತಿಗೆ ಅರ್ಧ ತಾಸು ಕೊಟ್ಟೀರಿ," ಅಂದಳು ಮೆಲ್ಲಗೆ. "ನಾ ಬೇಗಂಪೇಟಿಯಿಂದ ಫೋನ್ ಮಾಡಿದ್ರ ನನಗೂ ಸಿಗತಿತ್ತೇನೋ."

ತಾಂಡೂರು ಬಂತು. ಅವನು ಇಳಿದು ಹೋಗಿ ಎರಡು ಲೋಟ ಚಹಾ ತಂದು, ಅವಳ ಪಕ್ಕದ ಜಾಗ ಬಿಟ್ಟು ಎದುರಿಗೆ, ಹೆಂಗಸರ ಮೂಟೆಯ ಮೇಲೆ ಕೂತ. ಬುದ್ಧಿ ಹೇಳಿದವನು ತಾನೂ ಪಾಲಿಸಿದ ಹಾಗಾಯಿತು. ಅವಳು ಲೋಟ ತೆಗೆದುಕೊಂಡಳು, ತುಟಿಯ ಒಂದು ಮೂಲೆ ಮಾತ್ರ ಸಡಿಲವಾಯಿತು.

ಈಗ ಸರದಿ ನಿನ್ನದು, ಹೆಂಡತಿಯ ಹೆಸರು ಹೇಳು ಅಂತ ಶಿವದೇವಿ ಗಂಟುಬಿದ್ದಳು. ರಾತ್ರಿಯಿಡೀ ಸಾವಿರಾರು ಮೈಲಿ ಆಚೆಯವರ ಜೊತೆ ಎಡೆಬಿಡದೆ ಮಾತಾಡುವವನು ಎರಡು ಸಾಲಿನ ಒಡಪಿಗೆ ಬೆವೆತ.

"ಕೂಕಟ್‌ಪಲ್ಲಿಯಾಗ ಕರೆಂಟ್ ಹೋತು," ಅಂದ. ನಿಂತ. "ಮಂದಾರ, ಮೇಣಬತ್ತಿ ಎಲ್ಲಿ ಐತಿ?"

"ತಮ್ಮಾ, ಇದು ಒಡಪಲ್ಲ. ಕರೆಂಟಿನ ಆಫೀಸಿಗೆ ಕೊಡೋ ಅರ್ಜಿ," ಅಂದಳು ಶರಣಬಸಮ್ಮ.

ಸೇಡಂ ಬಂದು ಹೋಯಿತು. ತೊಗರಿ ಹೊಲಗಳು, ಸಿಮೆಂಟಿನ ಧೂಳು ಕೂತ ಬೇವಿನಮರಗಳು ಹಿಂದೆ ಸರಿದವು. ಪ್ರಾಣೇಶ ಬೆರಳು ಮಡಚಿ ಬಿಚ್ಚಿ ಪ್ರಾಸ ಹುಡುಕುತ್ತಿದ್ದ. ಮಂದಾರ ಓರೆಗಣ್ಣಲ್ಲಿ ನೋಡುತ್ತ, ಮಗ್ಗಿ ಮರೆತ ಹುಡುಗನ ಹಾಗೆ ಕಾಣುತ್ತೀರಿ ಅಂತ ಚುಚ್ಚಿದಳು. ಹೆಂಗಸರು ಇಳಿಯುವ ಚಿತ್ತಾಪುರ ಹತ್ತಿರವಾಗಿ, ಶರಣಬಸಮ್ಮ ಗಂಟು ಕಟ್ಟತೊಡಗಿದಾಗ ಅವನು ತಡೆಯಿರಿ ಅಂತ ಕೈ ಎತ್ತಿದ. ಈ ಸಲ ಅವರ ಕಡೆ ನೋಡಲಿಲ್ಲ.

"ಮೆಟ್ಟಿಲ ಮ್ಯಾಲ ನಾ ಏರಾಕ, ನೀ ಇಳಿಯಾಕ,
ಕೀಲಿಕೈ ಕೊಡಾಕ, ಬೆರಳ ತಾಕಾಕ,
ಇಷ್ಟ ಸಂಸಾರ ಅಂದ್ರ ಲಗ್ನ ಯಾಕ?
ಮಂದಾರ, ನೀ ಹೋದ್ರ ನಾ ಇಲ್ಲಿರೋದ್ಯಾಕ?"

ಶಿವದೇವಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಶರಣಬಸಮ್ಮ ಮಂದಾರಳ ಕಡೆ ತಿರುಗಿ, "ಎಲ್ಲಿ ಹೊಂಟೀಯವ್ವ ನೀ?" ಅಂದಳು.

ವಿಜಯವಾಡಕ್ಕೆ ವರ್ಗ ಆಗಿದೆ, ಸೋಮವಾರ ಹೇಳಬೇಕು ಅಂತ ಮಂದಾರ ತಗ್ಗಿದ ದನಿಯಲ್ಲಿ ತಿಳಿಸಿದಳು. ಶರಣಬಸಮ್ಮ ಈ ವಿಷಯದಲ್ಲಿ ತೀರ್ಪು ಕೊಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಇರಬೇಕು. ಹೋಳಿಗೆಯ ಗಂಟನ್ನು ಹಾಗೇ ಮಂದಾರಳ ಮಡಿಲಿಗೆ ಹಾಕಿ, ನಾದಿನಿಯನ್ನು ಮುಂದೆ ದೂಡಿಕೊಂಡು ಇಳಿದು ಹೋದಳು.

ಎದುರಿನ ಸೀಟು ಖಾಲಿಯಾಯಿತು. ಮೂಟೆ ಬಿಟ್ಟುಕೊಟ್ಟು ನಿಂತಿದ್ದ ಪ್ರಾಣೇಶ ಆ ಸೀಟಿಗೆ ಬಂದ. ಮಂದಾರ ಹೋಳಿಗೆಯ ಗಂಟು ಬಿಚ್ಚುತ್ತ ಕೇಳಿದಳು.

"ಹೋಗಬ್ಯಾಡ ಅಂತೀರೇನು?"

"ಇಲ್ಲ. ಎರಡು ಪರೀಕ್ಷೆ ಪಾಸ್ ಮಾಡಿದಾಕಿಗೆ ಹಂಗ ಅನ್ನೋ ಮಾರಿ ನನಗಿಲ್ಲ. ನಾನೂ ಬರತೀನಿ ಅಂತೀನಿ."

"ಅಲ್ಲಿ ನಿಮಗೇನು ಕೆಲಸ?"

ಅದನ್ನು ಅವನು ನಾಲ್ಕು ದಿನದಿಂದ ಎಣಿಸಿದ್ದ. ವಿಜಯವಾಡದಲ್ಲಿ ಓಣಿಗೊಂದು ಕಂಪ್ಯೂಟರ್ ಕಲಿಸುವ ಶಾಲೆ ಎದ್ದಿದೆ, ಕಲಿಸುವವರು ಸಿಗದೆ ಒದ್ದಾಡುತ್ತಿದ್ದಾರೆ ಅಂತ ಗೆಳೆಯನೊಬ್ಬ ಹೇಳಿದ್ದ. ಸಂಬಳ ಈಗಿನಷ್ಟು ಬರುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದ. ತಿಂಗಳು ಎರಡು ತಿಂಗಳು ತಡವಾದೀತು, ಅಷ್ಟು ದಿನ ವಾರಕ್ಕೊಮ್ಮೆ ಗಾಡಿ ಹತ್ತಿ ಬರುತ್ತೇನೆ ಅಂದ.

"ಇದನ್ನ ಮೊದಲ ಹೇಳಾಕ ಏನಾಗಿತ್ತು?"

"ಬಾ ಅಂತ ನೀ ಕರದೇ ಇಲ್ಲಲ್ಲ."

"ಮಲಗಿದವರನ್ನ ಅಲುಗಿಸಿ ಕೇಳಿದ್ದು ಮತ್ಯಾತಕ್ಕ ಅಂತ ತಿಳದಿದ್ರಿ?" ಅಂದಳು ಮಂದಾರ. "ಹೋಗಲೋ ಬ್ಯಾಡೋ ಅಂತ ನಾ ಕೇಳಿದ್ದು ಅಪ್ಪಣೆಗಲ್ಲ ರೀ. ನೀವು ಬರತೀರೋ ಇಲ್ಲೋ ತಿಳಕೊಳ್ಳಾಕ."

ಅವನು ತನ್ನ ಹಣೆಗೆ ತಾನೇ ಒಂದು ಬಡಿದುಕೊಂಡ. ಅವಳು ಆ ಕೈ ಹಿಡಿದು ಇಳಿಸಿದಳು, ಇಳಿಸಿದ ಮೇಲೆ ಬಿಡಲು ಮರೆತಳು. ವಾಡಿಯಲ್ಲಿ ಗಾಡಿ ಅರ್ಧ ತಾಸು ಸುಮ್ಮನೆ ನಿಂತಿತು. ಉಳಿದ ಜನ ರೈಲಿನವರನ್ನು ಬೈದರು. ಇವರಿಬ್ಬರು ಮಾತ್ರ ಗಾಡಿ ಇನ್ನೂ ಸ್ವಲ್ಪ ಹೊತ್ತು ಕೆಟ್ಟು ನಿಲ್ಲಲಿ ಅನ್ನುವವರ ಹಾಗೆ ಕೂತು, ವಿಜಯವಾಡದಲ್ಲಿ ಮನೆ ಎಷ್ಟು ದೊಡ್ಡದಿರಬೇಕು, ನೆಲಮಹಡಿಯೇ ಆದರೆ ಒಳ್ಳೆಯದು ಅಂತ ಜಗಳಾಡತೊಡಗಿದರು.

"ಅಲ್ಲಿ ಬಿಸಲು ಭಾಳಂತ ರೀ," ಅಂದಳು ಮಂದಾರ. "ಬ್ಯಾಸಿಗ್ಯಾಗ ಮಂದಿ ಹೊರಗ ಬರಂಗಿಲ್ಲಂತ."

"ಇರಲಿ ಬಿಡು," ಅಂದ ಪ್ರಾಣೇಶ. "ನಾ ಬಿಸಲು ನೋಡಿ ಎರಡು ವರ್ಷ ಆತು."