ಮೀಟರಿನ ಕೆಂಪು ದೀಪದ ಪಾಪ

ಗೆಳೆಯರೇ, ಇವತ್ತು ಶಿರಗುಪ್ಪಿಯ ನಮ್ಮ ಮನೆಗೆ ಸ್ಮಾರ್ಟ್ ಮೀಟರ್ ಕೂರಿಸಿದರು. ಅದರಲ್ಲೊಂದು ಕೆಂಪು ದೀಪ ಮಿನುಗುತ್ತಿತ್ತು. ನಮ್ಮಜ್ಜಿಯೋ, ಬೆಳಕಿಗೆ ಹುಳು ಬಂದು ಸಾಯುತ್ತವೆಂದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಬಲ್ಬನ್ನೂ ಹಚ್ಚಗೊಡದ ಜೈನ ಹೆಂಗಸು.

“ಇದನ್ನ ಆರಸಪಾ,” ಎಂದಳು.

“ಆರಸಾಕ ಬರೂದಿಲ್ರಿ ಆಯಿ, ಹಗಲೂ ರಾತ್ರಿ ಉರೀತೈತಿ,” ಎಂದ ಮೀಟರಿನವನು.

“ಬಿಲ್ ಏರತೈತಿ ಅಂತಾರ, ಏರಲಿ, ಕಟ್ಟತೀವಿ. ಹುಳ ಸತ್ತರ ಪಾಪ ಯಾರಿಗೆ ಬರತೈತಿ?”

“ಮೀಟರ್ ಯಾರ ಹೆಸರ್ಲೆ ಐತಿ, ಅವರಿಗೇರಿ.”

ಮೀಟರ್ ಇರುವುದು ನಮ್ಮಜ್ಜನ ಹೆಸರಿನಲ್ಲಿ. ಅಜ್ಜ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಜ್ಜಿ ಗೋಡೆಯ ಮೇಲಿನ ಅವನ ಫೋಟೋ ಕಡೆ ಒಮ್ಮೆ ನೋಡಿ, “ಹಂಗಾದ್ರ ಉರೀಲಿ ಬಿಡು,” ಎಂದಳು.

ಮೀಟರನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಬರೆದಿಟ್ಟಿದ್ದ ಅರ್ಜಿಯನ್ನು ನಾನು ಸದ್ದಿಲ್ಲದೆ ಹರಿದು ಹಾಕಿದೆ.