ಅಕ್ಕನ ಬಲಗಿವಿ ಮತ್ತು ಗುಂಯ್ಗುಡುವ ಎಲಿಮಿನೇಟರ್

ಕಳೆದ ವಾರ ಮನೆಯ ವೈಫೈ ಡಬ್ಬಿಯ ಅಡಾಪ್ಟರ್ ಕಾದು ವಾರ್ನಿಷ್ ಸುಟ್ಟ ವಾಸನೆ ಬಂತು. ಹೆಂಡತಿ "ರೀ, ಮೊದ್ಲು ಸ್ವಿಚ್ ಆರಿಸ್ರೀ" ಅಂದಳು. ನಾನು ಆರಿಸುವ ಬದಲು ಬಗ್ಗಿ ಇನ್ನೊಮ್ಮೆ ಮೂಸಿದೆ. ನನ್ನ ತಲೆ ಸರಿಯಿಲ್ಲ ಅಂತ ಅವಳಿಗೆ ಮೊದಲೇ ಅನುಮಾನವಿತ್ತು, ಅವತ್ತು ಖಾತ್ರಿಯಾಯಿತು. ಅದೇ ವಾಸನೆ... ತೊಂಬತ್ತರ ದಶಕದ ಕೊನೆಗೆ, ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಅಕ್ಕನ ಮನೆಯ ಪಡಸಾಲೆಯಲ್ಲಿ ಮೂಗಿಗೆ ಬಡಿದಿದ್ದು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಾನು ಗಿಟಾರ್ ಬಾರಿಸುತ್ತಿದ್ದ ಆರ್ಕೆಸ್ಟ್ರಾದ ಗಾಯಕಿ. ಹಗಲು ಬ್ಲೌಸ್ ಹೊಲಿಯುತ್ತಿದ್ದರು, ಸಂಜೆ ಹಾಡುತ್ತಿದ್ದರು. ಹಣೆಯಲ್ಲಿ ವಿಭೂತಿ, ನಾಲಿಗೆಯಲ್ಲಿ ಒಣಮೆಣಸಿನಕಾಯಿ. ಪ್ರಾಕ್ಟೀಸು ಅವರ ಮನೆಯಲ್ಲೇ. ನಾನು ಶಿವಮೊಗ್ಗದ ರಾಗಿಗುಡ್ಡದಿಂದ ಗಿಟಾರ್ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದೆ.

ಆಗ ನನ್ನ ಹತ್ತಿರ ಮೂರು ಪೆಡಲ್‌ಗಳಿದ್ದವು. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಬದಲಿಸುವ ಪುಟ್ಟ ಡಬ್ಬಿಗಳು. ಒಂದು ದನಿಯನ್ನು ಒರಟು ಮಾಡುತ್ತಿತ್ತು, ಒಂದು ಅಲೆಯಾಡಿಸುತ್ತಿತ್ತು, ಡಿಲೇ ಅನ್ನುವುದು ಬಾರಿಸಿದ್ದನ್ನೇ ತಿರುಗಿ ನುಡಿಯುತ್ತಿತ್ತು. ಮೂರೂ ಬ್ಯಾಟರಿಯನ್ನು ಕಡಲೆಕಾಯಿಯಂತೆ ತಿನ್ನುತ್ತಿದ್ದವು. ಅದಕ್ಕೇ ಆಯುಧಪೂಜೆಯ ಹೊತ್ತಿಗೆ ಒಂದು ಎಲಿಮಿನೇಟರ್ ತಂದೆ. ರೇಡಿಯೋಗೆ ಬ್ಯಾಟರಿಯ ಬದಲು ಹಾಕಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದೆವಲ್ಲ, ಅದೇ ಡಬ್ಬಿ. ಒಂದು ವೈರಿಗೆ ಮೂರು ಪಿನ್ ಬೆಸೆದು ಮೂರೂ ಪೆಡಲಿಗೆ ಅದರಿಂದಲೇ ಕರೆಂಟು ಕೊಟ್ಟೆ. ಪೂಜೆಯ ದಿನ ನಮ್ಮಮ್ಮ ಎಲ್ಲಕ್ಕೂ ನೀರಲ್ಲಿ ಕಲಸಿದ ವಿಭೂತಿ ಧಾರಾಳವಾಗಿ ಬಳಿದರು.

ಅಲ್ಲಿಂದ ಶುರುವಾಯಿತು ನೋಡಿ ಸದ್ದು. ಪೆಡಲ್ ಒತ್ತಿದರೆ ಗಿಟಾರಿಗಿಂತ ಮೊದಲು ಅದೇ ಹಾಡುತ್ತಿತ್ತು. ಆರ್ಕೆಸ್ಟ್ರಾದ ಯಜಮಾನರಿಗೆ ಹೊಸ ಕೀಬೋರ್ಡಿನ ಮೇಲೆ ಆಗಲೇ ಪ್ರೀತಿ ಹುಟ್ಟಿತ್ತು. "ರಾಜ್ಯೋತ್ಸವದ ಪ್ರೋಗ್ರಾಮಿಗೂ ಹಿಂಗೇ ಇದ್ರೆ ನೀನು ಬರ್ಬೇಡ ಮಾರಾಯ. ಗಿಟಾರಿಂದೂ ಕೀಬೋರ್ಡಲ್ಲೇ ಬಾರಿಸ್ಕೊಳ್ತೀವಿ" ಅಂದರು. ಸಿಟ್ಟಿನಿಂದ ಹೇಳಿದ್ದರೆ ಪರವಾಗಿರಲಿಲ್ಲ. ನಿಧಾನವಾಗಿ, ಅಡಿಕೆ ಕತ್ತರಿಸುತ್ತಾ ಹೇಳಿದರು.

ಆ ಊರಿನ ಕರೆಂಟೇ ಸರಿಯಿಲ್ಲ ಅಂತ ನಾನು ಅಕ್ಕನ ಮುಂದೆ ಗೊಣಗಿದೆ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಎಲ್ಲ ಬಿಚ್ಚು" ಅಂದರು ಅವರು.

ಕರೆಂಟಿನ ವಿಷಯ ಅವರಿಗೆ ನನ್ನಷ್ಟೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೆ. ಆದರೆ ಹೊಲಿಗೆ ಬಿಚ್ಚುವವರ ಅಭ್ಯಾಸ ಅವರದು, ಒಂದೊಂದೇ ಎಳೆ. "ಎರಡು ಒಟ್ಟಿಗೆ ಮುಟ್ಟಬೇಡ. ಮುಟ್ಟಿದ್ರೆ ಯಾವ್ದು ಕಳ್ಳ ಅಂತ ಗೊತ್ತಾಗಲ್ಲ." ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಹಾಕಿದೆ. ನಿಶ್ಶಬ್ದ. ಪೆಡಲ್‌ಗಳನ್ನು ಸೇರಿಸಿ ಹಳೇ ಬ್ಯಾಟರಿ ಹಾಕಿದೆ. ಆಗಲೂ ನಿಶ್ಶಬ್ದ. ಬ್ಯಾಟರಿ ತೆಗೆದು ಎಲಿಮಿನೇಟರ್ ಸಿಕ್ಕಿಸಿದ್ದೇ ತಡ, ಗಲಾಟೆ. ಅಲ್ಲಿಗೆ ಊರಿನ ಕರೆಂಟಿನ ಮೇಲಿನ ಅಪವಾದ ಕಳೆಯಿತು.

ಅಕ್ಕ ಸ್ಪೀಕರಿನ ಹತ್ತಿರ ಕೂತು ತಲೆ ಓರೆ ಮಾಡಿ ಕೇಳಿದರು. "ಇದ್ರಲ್ಲಿ ಮೂರು ಜನ ಇದಾರೆ. ಒಬ್ಬ ಚರಚರ ಅಂತಾನೆ, ಒಬ್ಬ ಕೆಳಗೆ ಗುಂಯ್ ಅಂತಾನೆ, ಒಬ್ಬ ಮೇಲೆ ಕೀಂ ಅಂತಾನೆ." ನನಗೆ ಅಲ್ಲಿಯವರೆಗೆ ಒಂದೇ ಸದ್ದು ಕೇಳಿತ್ತು.

ಚರಚರ ಬೇಗ ಸಿಕ್ಕಿಬಿದ್ದ. ಅಮ್ಮನ ವಿಭೂತಿ ಪಿನ್ನಿನ ತೂತುಗಳಲ್ಲಿ ಒಣಗಿ ಗಾರೆಯಾಗಿತ್ತು. ಅಕ್ಕ "ಶಿವ ಶಿವಾ" ಅನ್ನುತ್ತಲೇ ಸೂಜಿಯಿಂದ ಕೆರೆದು, ಆ ಪುಡಿಯನ್ನೂ ಬಿಸಾಡದೆ ಹಣೆಗೆ ಒತ್ತಿಕೊಂಡರು. ಗುಂಯ್ ಅನ್ನುವವನು ಎಲಿಮಿನೇಟರಿನೊಳಗೇ ಇದ್ದ. ಮುಟ್ಟಿದರೆ ಕೈ ಸುಡುತ್ತಿತ್ತು, ವಾರ್ನಿಷಿನ ವಾಸನೆ ಬೇರೆ. ಅಗ್ಗದ ಡಬ್ಬಿ ಕರೆಂಟನ್ನು ಇಳಿಸುತ್ತದೆ, ಅದರ ನಡುಕವನ್ನು ಪೂರ್ತಿ ಸೋಸುವುದಿಲ್ಲ ಅಂತ ರೇಡಿಯೋ ರಿಪೇರಿಯವರೊಬ್ಬರು ಹೇಳಿದರು. ಅವರಿಂದಲೇ ಒಳ್ಳೆಯದೊಂದನ್ನು ತಂದೆ. ಗುಂಯ್ ಹೋಯಿತು.

ಕೀಂ ಮಾತ್ರ ಹೋಗಲಿಲ್ಲ. ವೈರು ಬದಲಿಸಿದೆ, ಪ್ಲಗ್ಗು ಬದಲಿಸಿದೆ, ಪೆಡಲ್‌ಗಳನ್ನು ದೂರ ದೂರ ಇಟ್ಟೆ... ರಾಜ್ಯೋತ್ಸವ ಹತ್ತಿರ ಬರುತ್ತಿತ್ತು. ಕೊನೆಗೆ ನಾನೇ ಕೈಚೆಲ್ಲಿದೆ. "ಬಿಟ್ಬಿಡಿ ಅಕ್ಕ. ನಾನು ಹೋದ್ರೆ ಕೀಬೋರ್ಡ್ ಇದೆಯಲ್ಲ, ನಿಮ್ಮ ಹಾಡಿಗೇನೂ ಕಮ್ಮಿಯಾಗಲ್ಲ."

ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎಡಗಿವಿ ನಂಗೆ ಕೇಳಲ್ಲ ಕಣೋ. ಚಿಕ್ಕೋಳಿದ್ದಾಗ ಸೋರಿ ಸೋರಿ ಹೋಯ್ತು. ಸ್ಟೇಜಲ್ಲಿ ಕೀಬೋರ್ಡು ಎಡಕ್ಕೆ, ನೀನು ಬಲಕ್ಕೆ. ನಿನ್ನ ತಂತಿ ಕೇಳಿಸ್ಕೊಂಡೇ ನಾನು ಶ್ರುತಿ ಸೇರ್ಸೋದು. ಜಾಗ ಬದಲಿಸಿ ಅಂತ ಕೇಳಿದ್ರೆ ಯಾಕೆ ಅಂತಾರೆ. ಕಿವುಡಿ ಹಾಡ್ತಾಳೆ ಅಂತ ಗೊತ್ತಾದ್ರೆ ಯಾರು ಕರೀತಾರೆ? ನೀನು ಹೋದ್ರೆ ನಾನೂ ಹೋದಂಗೆ. ಈಗ ಒಂದೊಂದೇ ಪಿನ್ ಕೀಳು."

ನನಗೆ ನಾಚಿಕೆಯೂ ಆಯಿತು, ಛಲವೂ ಬಂತು. ಒರಟು ದನಿಯ ಪೆಡಲಿನ ಪಿನ್ ಕಿತ್ತು ಅದಕ್ಕೆ ಬ್ಯಾಟರಿ ಹಾಕಿದೆ, ಕೀಂ ಸಣ್ಣದಾಯಿತು. ಅದನ್ನು ಮತ್ತೆ ಮೊದಲಿನಂತೆ ಮಾಡಿ ಡಿಲೇಯ ಪಿನ್ ಕಿತ್ತೆ, ಬ್ಯಾಟರಿ ಹಾಕಿದೆ. ಅಕ್ಕ ಕೈ ಎತ್ತಿದರು. ಪಡಸಾಲೆಯಲ್ಲಿ ಗೋಡೆ ಗಡಿಯಾರದ ಸದ್ದು ಮಾತ್ರ. ಡಿಲೇ ತನ್ನೊಳಗಿನ ಕಿರಿಕಿರಿಯನ್ನು ಅದೇ ವೈರಿನ ಮೂಲಕ ಉಳಿದವರಿಗೆ ಹಂಚುತ್ತಿತ್ತು, ಒರಟು ಪೆಡಲು ಅದನ್ನು ದೊಡ್ಡದು ಮಾಡಿ ಸಾರುತ್ತಿತ್ತು. "ಸರಿ, ಒಂದೇ ಒಲೇಲಿ ಇಬ್ರಿಗೂ ಆಗಲ್ಲ. ಅವನಿಗೆ ಬೇರೆ ಒಲೆ ಹೂಡು" ಅಂದರು ಅಕ್ಕ. ಡಿಲೇಗೆ ಬೇರೆಯೇ ಎಲಿಮಿನೇಟರ್ ತಂದೆ. ಅದರಲ್ಲೂ ಸದ್ದು ಬರಲಿಲ್ಲ.

ರಾಜ್ಯೋತ್ಸವದ ಸಂಜೆ ಪ್ರತಿ ಹಾಡಿಗೂ ಮುಂಚೆ ಅಕ್ಕನ ಷಡ್ಜವನ್ನು ಮೆಲ್ಲಗೆ ಮೀಟಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ, ಶ್ರುತಿ ನೆಟ್ಟಗೆ ಹಿಡಿದು ಹಾಡಿದರು. ಮುಗಿದ ಮೇಲೆ ಯಜಮಾನರು ಹೊಗಳಲಿಲ್ಲ, ಅದು ಅವರ ಜಾಯಮಾನವಲ್ಲ. "ಬರೋ ವಾರ ಕುಂಸೀಲಿ ಪ್ರೋಗ್ರಾಮಿದೆ, ಬಾ" ಅಂದರು ಅಷ್ಟೆ. ಅದಾದಮೇಲೆ ಎಷ್ಟೋ ವರ್ಷ ನಾವಿಬ್ಬರೂ ಒಟ್ಟಿಗೇ ಹೋದೆವು.

ವಯಸ್ಸಾದಮೇಲೆ ಬಲಗಿವಿಯೂ ಕೈಕೊಟ್ಟಿತು. ಕೊನೆಯ ಸಲ ಹೋದಾಗ ಮಾತೆಲ್ಲ ಸನ್ನೆಯಲ್ಲಿ. ನಾನು ಕರೆಂಟು ಬೇಡದ ಮರದ ಗಿಟಾರ್ ಒಯ್ದಿದ್ದೆ, ಯಾಕೆ ಒಯ್ದೆನೋ... ಅವರು ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಮೀಟು ಅಂತ ಗದ್ದ ಎತ್ತಿದರು. ಮೀಟಿದೆ. ಕಣ್ಣು ಮುಚ್ಚಿಕೊಂಡು ಸ್ವರ ಹಿಡಿಯಲು ಹೋದರು, ತಪ್ಪಿತು. ನಾನು ಇಲ್ಲ ಅಂತ ತಲೆಯಾಡಿಸಿದೆ. ಮತ್ತೆ ಮೀಟು ಅಂದರು. ಮತ್ತೆ ತಪ್ಪಿತು. ಮತ್ತೆ ಮೀಟಿದೆ, ಇನ್ನೊಮ್ಮೆ, ಮತ್ತೊಮ್ಮೆ. ಕೊನೆಗೆ ಸರಿಯಾಗಿ ಬಂತು. ನನ್ನ ಮುಖ ನೋಡಿಯೇ ಅವರಿಗದು ಗೊತ್ತಾಯಿತು.

ಅಕ್ಕ ಹೋಗಿ ಈಗ ವರ್ಷವಾಯಿತು. ಗಿಟಾರ್ ಕೈಗೆ ತೆಗೆದುಕೊಂಡಾಗ ಬೆರಳು ತಾನಾಗಿ ಅವರ ಷಡ್ಜಕ್ಕೇ ಹೋಗುತ್ತದೆ. ಮೀಟಿ ಒಂದು ಕ್ಷಣ ಕಾಯುತ್ತೇನೆ.