ಕಿಟಕಿ ಪಕ್ಕದ ಟೇಬಲ್ಲಿನ ಚಮಚ

ಮೊನ್ನೆ ಪಲ್ಯಕ್ಕೆಂದು ಬೆಣ್ಣೆಯಲ್ಲಿ ಉಳ್ಳಾಗಡ್ಡಿ ಹುರಿಯುತ್ತಿದ್ದೆ. ಅದು ಕೆಂಪಗಾಗಿ ವಾಸನೆ ಎದ್ದಾಗ ಸೌಟು ಹಿಡಿದ ಕೈ ಹಾಗೇ ನಿಂತಿತು. ಎಷ್ಟೋ ವರ್ಷಗಳ ಹಿಂದೆ ಹುಬ್ಬಳ್ಳಿಯ ದೊಡ್ಡ ಹೋಟೆಲ್ಲೊಂದರ ಮೇಲಂತಸ್ತಿನ ಫ್ರೆಂಚ್ ರೆಸ್ಟೋರೆಂಟಿನಲ್ಲಿ, ಬಂದವರನ್ನು ಒಳಗೆ ಕರೆದೊಯ್ದು ಕೂರಿಸುವ ಕೆಲಸ ನನ್ನದಾಗಿತ್ತು. ಅಲ್ಲಿನ ಹಿರಿಯ ವೇಟರ್ ಕಮರಿಪೇಟೆಯವರು. ನಮಗೆಲ್ಲ ಅವರು ಕಾಕಾ.

ಊರಿಗೆ ಆ ಊಟ ಹೊಸದು. ದುರ್ಗದಬೈಲಿನ ವ್ಯಾಪಾರಿಗಳು ಬಂದು, ಇಷ್ಟಗಲ ತಟ್ಟೆಯಲ್ಲಿ ಇಷ್ಟೇ ಊಟವೇ ಎಂದು ಕೇಳುತ್ತಿದ್ದರು, ಶೇಂಗಾ ಚಟ್ನಿ ಇದೆಯೇ ಎಂದೂ. ನಾವು ನಗುತ್ತಿದ್ದೆವು, ಕಾಕಾ ನಗುತ್ತಿರಲಿಲ್ಲ. ಅಲ್ಲಿನ ರಿವಾಜುಗಳನ್ನು ವ್ರತದಂತೆ ಪಾಲಿಸುವ ಮನುಷ್ಯ. ಚಮಚ ಸೂಪಿನ ಬಟ್ಟಲೊಳಗಿದ್ದರೆ ಅತಿಥಿ ಇನ್ನೂ ಉಣ್ಣುತ್ತಿದ್ದಾರೆ ಎಂದರ್ಥ. ಕೆಳಗಿನ ತಟ್ಟೆಯ ಮೇಲಿದ್ದರೆ ಮುಗಿದಿದೆ, ಎತ್ತಬಹುದು. ಇನ್ನು ವೇಟರ್ ಆದವನು ಅತಿಥಿಯ ಜೊತೆ ಎಂದೂ ಕೂರಬಾರದು.

ಅವರ ಹೆಂಡತಿ, ನಮ್ಮ ಕಾಕು, ಹತ್ತಿರದ ಸುಳ್ಳ ಎಂಬ ಹಳ್ಳಿಯ ಒಕ್ಕಲು ಮನೆತನದವರು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಗಂಡನ ಎದುರು ಕೂತು ಒಮ್ಮೆ ಅಲ್ಲಿನ ಹೆಸರಾದ, ಬೆಣ್ಣೆಯಲ್ಲಿ ಉಳ್ಳಾಗಡ್ಡಿ ಹುರಿದು ಮೇಲೆ ಚೀಸ್ ಹಾಕುವ ಸೂಪು ಕುಡಿಯಬೇಕೆಂದು ಅವರಿಗೆ ಆಸೆ. ಕೆಲಸದವರ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಇಂದು ನಾಳೆ ಎನ್ನುತ್ತಲೇ ಕಾಕಾ ದಿನ ದೂಡಿದರು… ಕಾಕು ಜ್ವರ ಬಂದು ತೀರಿಕೊಂಡರು.

ಆ ವರ್ಷ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ಊಟದವರೆಲ್ಲ ಹೋದ ಮೇಲೆ, ಕಾಕಾ ಆ ಟೇಬಲ್ಲಿಗೆ ಒಗೆದ ಬಟ್ಟೆ ಹಾಸಿದರು. ಮಾಂಸದ ರಸ ಹಾಕದೆ ಮಾಡಿಸಿದ ಸೂಪನ್ನಿಟ್ಟು, ಚಮಚವನ್ನು ಪಕ್ಕದಲ್ಲಿ ಬಟ್ಟೆಯ ಮೇಲಿಟ್ಟರು. ಅಡುಗೆಮನೆ ಕಡೆಯ ಬಾಗಿಲಿಗೆ ಚಿಲಕ ಹಾಕಿದರು. ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟಾಗ ಮಾಡುವಂತೆಯೇ ನಾವಿಬ್ಬರೂ ಹೊರಗೆ ಬಂದು ಬಾಗಿಲು ಮುಚ್ಚಿ ನಿಂತೆವು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಅವರ ಸಮಾಧಾನಕ್ಕೆಂದು ಜೊತೆಗಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಕಾಕಾ ಬಾಗಿಲು ಬಡಿದು, ತೆರೆದರು. ಒಳಗೆ ಎಸಿಯ ಸದ್ದು ಬಿಟ್ಟರೆ ಏನಿಲ್ಲ. ಸೂಪಿನ ಮೇಲಿನ ಚೀಸಿನ ಪದರ ಒಂದು ಅಂಚಿನಲ್ಲಿ ಒಡೆದಿತ್ತು. ಚಮಚ ಬಟ್ಟಲೊಳಗಿತ್ತು.

ನಾನು ಅಡುಗೆಮನೆ ಕಡೆಯ ಬಾಗಿಲು ನೋಡಿದೆ, ಚಿಲಕ ಹಾಕಿದ ಹಾಗೇ ಇತ್ತು. ಕಾಕಾ ಮೆಲ್ಲಗೆ ಬಾಗಿಲು ಎಳೆದುಕೊಂಡರು.

“ಇನ್ನೂ ಉಣ್ಣಾಕತ್ತಾಳ. ನಾ ಎದುರಿಗೆ ಕುಂದ್ರೂತನಾ ಮುಗಸೂದಿಲ್ಲ ಆಕಿ.”

“ಹೋಗಿ ಕುಂದರ್ರಿ ಕಾಕಾ. ಯಾರ ನೋಡ್ತಾರ?”

“ಈ ಅಂಗಿ ಮೈಮ್ಯಾಲ ಇದ್ದಾಗ ಹೆಂಗ ಕುಂದರ್ಲಿ, ತಂಗಿ?”

ಆ ಹಟಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸಂಜೆ ಯಾರೋ ಬಟ್ಟಲು ಎತ್ತಿ ಒಯ್ದರು. ಆಮೇಲೆ ಆ ಟೇಬಲ್ಲಿನಲ್ಲಿ ಯಾರು ಒಬ್ಬರೇ ಬಂದು ಕೂತರೂ, ಕಾಕಾ ಎದುರಿನ ಖಾಲಿ ಕುರ್ಚಿಗೂ ಒಮ್ಮೆ ತಲೆಬಾಗಿಸಿ ಹೋಗುತ್ತಿದ್ದರು. ಕೂತವರು ತಿರುಗಿ ನೋಡುತ್ತಿದ್ದರು…

ಆ ರೆಸ್ಟೋರೆಂಟ್ ಮುಚ್ಚಿ ಎಷ್ಟೋ ಕಾಲವಾಯಿತು. ಕಾಕಾ ತೀರಿಹೋದ ಸುದ್ದಿ ಕಳೆದ ತಿಂಗಳು ಬಂತು. ಮೊನ್ನೆ ಪಲ್ಯದ ಉಳ್ಳಾಗಡ್ಡಿಗೆ ನೀರು ಹಾಕಿ ಸೂಪು ಮಾಡಿದೆ. ಎದುರುಬದುರು ತಟ್ಟೆಗಳ ಮೇಲೆ ಎರಡು ಬಟ್ಟಲಿಟ್ಟು, ಚಮಚಗಳನ್ನು ಪಕ್ಕದಲ್ಲಿ ಟೇಬಲ್ಲಿನ ಮೇಲಿಟ್ಟು, ಹೊರಗೆ ಬಂದು ಬಾಗಿಲು ಹಾಕಿದೆ. ಬಡಿದು ತೆರೆದಾಗ ಎರಡೂ ಚಮಚ ಕೆಳಗಿನ ತಟ್ಟೆಗಳ ಮೇಲಿದ್ದವು.

ನಾನೇ ಹಾಗಿಟ್ಟು ಮರೆತಿರಬಹುದು, ಹಾಗೆಂದೇ ಹೇಳಿಕೊಳ್ಳುತ್ತೇನೆ. ಬಟ್ಟಲು ತೊಳೆಯುವಾಗ ಮಾತ್ರ ಅಳು ತಡೆಯಲಾಗಲಿಲ್ಲ. ಕಾಕಾ ಇನ್ನಿಲ್ಲ. ಆದರೆ ಕೊನೆಗೂ ಕೂತರು.